ಸಣ್ಣ ತೂತೋ, ಉದ್ದ ಕೊಯ್ತವೋ: ಲಿವರ್ ಕ್ಯಾನ್ಸರ್ ಆಪರೇಷನ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾವು ಕೊಪ್ಪ ತಾಲೂಕಿನವರು. ನಮ್ಮ ಅಪ್ಪಯ್ಯನಿಗೆ 58 ವರ್ಷ. ಅಡಿಕೆ ತೋಟ, ಜೊತೆಗೆ ಸ್ವಲ್ಪ ಕಾಫಿ. ಕುಡಿಯುವ ಅಭ್ಯಾಸವಿಲ್ಲ. ಹತ್ತು ವರ್ಷದ ಹಿಂದೆ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿತ್ತು. ತೊಂದರೆ ಏನೂ ಇರಲಿಲ್ಲ, ಹಾಗಾಗಿ ಸುಮ್ಮನಿದ್ದರು. ಹೋದ ತಿಂಗಳು ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ 3.8 ಸೆಂ.ಮೀ. ಗಡ್ಡೆ ಕಂಡಿತು. ಸಿ.ಟಿ. ರಿಪೋರ್ಟ್‌ನಲ್ಲಿ ‘ಸೆಗ್ಮೆಂಟ್ 6, ಹೆಪಟೋಸೆಲ್ಯುಲರ್ ಕಾರ್ಸಿನೋಮ’ ಎಂದಿದೆ. ಒಂದೇ ಗಡ್ಡೆ. ಎ.ಎಫ್.ಪಿ. 180, ಪ್ಲೇಟ್‌ಲೆಟ್ 1.32 ಲಕ್ಷ, ‘ಚೈಲ್ಡ್–ಪ್ಯೂ ಎ’ ಅಂತ ಬರೆದಿದ್ದಾರೆ. ಒಬ್ಬ ಸರ್ಜನ್ ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ತೆಗೆಯೋಣ ಅಂದರು. ಇನ್ನೊಬ್ಬರು ಹೊಟ್ಟೆ ತೆರೆದು ಮಾಡುವುದೇ ಸೇಫ್ ಅಂದರು. ಮೂರನೆಯವರು ರೋಬೋಟ್ ಅಂದರು. ಬಯಾಪ್ಸಿ ಬೇಡವಂತೆ, ಅದು ಹೇಗೆ? ಸೂಜಿ ಹಾಕಿ ಸುಡಿಸಿದರೆ ಸಾಲದಾ? ಇಷ್ಟು ದೊಡ್ಡ ಗಡ್ಡೆ ಸಣ್ಣ ತೂತಿನಿಂದ ಪೂರ್ತಿ ಹೊರಗೆ ಬರುತ್ತದಾ? ದೊಡ್ಡಪ್ಪ ‘ಕತ್ತಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ’ ಅನ್ನುತ್ತಾರೆ. ನಾಟಿ ವೈದ್ಯರ ಪುಡಿಯನ್ನೂ ತಂದುಕೊಟ್ಟಿದ್ದಾರೆ. ಲಿವರ್‌ಗೆ ಕೆಟ್ಟದ್ದು ಅಂತ ಅಪ್ಪಯ್ಯನಿಗೆ ಕಾಫಿ ಬಿಡಿಸಿದ್ದೇವೆ. ದಾರಿ ತೋರಿಸಿ.

ಉತ್ತರ: ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಮೂವರು ಸರ್ಜನ್‌ಗಳಿಗೆ ಭಿನ್ನಾಭಿಪ್ರಾಯ ಇರುವುದು ಹೊಟ್ಟೆಯೊಳಗೆ ಹೋಗುವ ದಾರಿಯ ಬಗ್ಗೆ. ಗಡ್ಡೆ ತೆಗೆಯಬಹುದು ಅನ್ನುವುದರಲ್ಲಿ ಮೂವರಿಗೂ ಅನುಮಾನವಿಲ್ಲ. ಲಿವರ್ ಕ್ಯಾನ್ಸರ್‌ನಲ್ಲಿ ಈ ಮಾತು ಕೇಳುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಆಪರೇಷನ್ ಮಾಡಬಹುದಾದ ಹಂತ ದಾಟಿ ಬಂದಿರುತ್ತಾರೆ. ಹೊಟ್ಟೆಯಲ್ಲಿ ನೀರು, ಕಣ್ಣು ಹಳದಿ, ಗಡ್ಡೆ ದೊಡ್ಡ ರಕ್ತನಾಳದೊಳಗೇ ನುಗ್ಗಿರುತ್ತದೆ. ನಿಮ್ಮ ಅಪ್ಪಯ್ಯನ ಗಡ್ಡೆ ಬೇಗ ಸಿಕ್ಕಿದೆ. ಹೊಟ್ಟೆನೋವು ಬಹುಶಃ ಗಡ್ಡೆಯದ್ದೇ ಅಲ್ಲ. ಈ ಗಾತ್ರದ ಗಡ್ಡೆ ಸಾಮಾನ್ಯವಾಗಿ ನೋಯುವುದಿಲ್ಲ. ಯಾವುದೋ ಗ್ಯಾಸ್ಟ್ರಿಕ್ ಉಪಕಾರ ಮಾಡಿದೆ ಅಂದುಕೊಳ್ಳಿ.

ನಿಮ್ಮ ಮನೆಯಲ್ಲಿ ಚರ್ಚೆ ನಡೆದಿರುವುದು ತೂತು ಚಿಕ್ಕದೋ ದೊಡ್ಡದೋ ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಉಳಿಯುವ ಲಿವರ್ ಎಷ್ಟು ಗಟ್ಟಿ? ಎರಡನೆಯದು, ಈ ಗಡ್ಡೆಗೆ ಕತ್ತರಿಸುವುದೇ ಸರಿಯಾದ ಚಿಕಿತ್ಸೆಯಾ? ಇವೆರಡಕ್ಕೂ ‘ಹೌದು’ ಸಿಕ್ಕ ಮೇಲೆ ತೂತಿನ ಮಾತು.

ಲಿವರ್ ಕ್ಯಾನ್ಸರ್ ಬೇರೆ ಕ್ಯಾನ್ಸರ್‌ಗಳ ಹಾಗಲ್ಲ. ಇಲ್ಲಿ ರೋಗಿಗೆ ಎರಡು ಕಾಯಿಲೆ. ಒಂದು ಗಡ್ಡೆ. ಇನ್ನೊಂದು, ಆ ಗಡ್ಡೆ ಹುಟ್ಟಿದ ನೆಲವೇ ಕೆಟ್ಟಿರುವುದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಹೆಂಡ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್, ಹೀಗೆ ಯಾವುದೋ ಒಂದು ವರ್ಷಗಟ್ಟಲೆ ಲಿವರ್‌ಗೆ ಗಾಯ ಮಾಡುತ್ತಲೇ ಇರುತ್ತದೆ. ಗಾಯ ಮಾಗಿ ಕಲೆ, ಮತ್ತೆ ಗಾಯ, ಮತ್ತೆ ಕಲೆ. ಕಡೆಗೆ ಲಿವರ್ ಗಂಟುಗಂಟಾಗಿ ಗಡುಸಾಗುತ್ತದೆ. ಅದೇ ಸಿರೋಸಿಸ್. ಹೆಪಟೈಟಿಸ್ ಬಿ ಮಾತ್ರ ಸ್ವಲ್ಪ ಕಿಲಾಡಿ. ಸಿರೋಸಿಸ್ ಆಗುವ ಮೊದಲೇ ಕ್ಯಾನ್ಸರ್ ಹುಟ್ಟಿಸಬಲ್ಲದು.

ಆರೋಗ್ಯವಂತ ಲಿವರ್ ಆದರೆ ಕಾಲು ಭಾಗ, ಅಂದರೆ ನೂರಕ್ಕೆ 25–30 ಉಳಿಸಿದರೂ ಮನುಷ್ಯ ಬದುಕುತ್ತಾನೆ. ಉಳಿದದ್ದು ಕೆಲವೇ ವಾರಗಳಲ್ಲಿ ಉಬ್ಬಿ ಬೆಳೆಯುತ್ತದೆ. ಸಿರೋಸಿಸ್ ಇದ್ದರೆ ನೂರಕ್ಕೆ 40 ಆದರೂ ಉಳಿಯಬೇಕು. ಅದು ಬೆಳೆಯುವುದೂ ನಿಧಾನ. ಅದಕ್ಕೇ ನಾವು ಗಡ್ಡೆಗಿಂತ ಮೊದಲು ಗಡ್ಡೆ ಇಲ್ಲದ ಜಾಗವನ್ನು ನೋಡುತ್ತೇವೆ. ‘ಚೈಲ್ಡ್–ಪ್ಯೂ’ ಅಂದರೆ ಐದು ವಿಷಯಗಳ ಲೆಕ್ಕ: ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿ ನೀರು, ಬುದ್ಧಿ ಮಂಕಾಗುವುದು. ‘ಎ’ ಅಂದರೆ ಲಿವರ್ ಇನ್ನೂ ಕೆಲಸ ಮಾಡುತ್ತಿದೆ ಅಂತ. ‘ಸಿ’ ಬಂದರೆ ಗಡ್ಡೆ ಎಷ್ಟೇ ಸಣ್ಣದಿರಲಿ, ಕತ್ತರಿಸುವ ಮಾತಿಲ್ಲ.

ಪ್ಲೇಟ್‌ಲೆಟ್ ಯಾಕೆ ನೋಡುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಡೆಂಗೆ ಅಲ್ಲವಲ್ಲ ಅಂತ. ಲಿವರ್ ಗಡುಸಾದರೆ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಒತ್ತಡ ಹಿಂದಕ್ಕೆ ಏರಿ ಗುಲ್ಮ ದೊಡ್ಡದಾಗುತ್ತದೆ. ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಲಕ್ಷಕ್ಕಿಂತ ಕೆಳಗೆ ಇಳಿದರೆ ನಮಗೆ ಅನುಮಾನ ಬರುತ್ತದೆ. 1.32 ಲಕ್ಷ ಪರವಾಗಿಲ್ಲ. ಆದರೂ ಅನ್ನನಾಳದಲ್ಲಿ ರಕ್ತನಾಳ ಉಬ್ಬಿದೆಯಾ ಅಂತ ಒಂದು ಎಂಡೋಸ್ಕೋಪಿ, ಲಿವರ್ ಎಷ್ಟು ಗಡುಸಾಗಿದೆ ಅಂತ ಒಂದು ಫೈಬ್ರೋಸ್ಕ್ಯಾನ್ ಆಗಿರಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ. ಕೇಳಿ ಮಾಡಿಸಿಕೊಳ್ಳಿ.

ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಅಂತ ಹೇಳುವುದು ವಿಚಿತ್ರ ಅನ್ನಿಸುವುದು ಸಹಜ. ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ಅಭಿಧಮನಿಯಿಂದ, ಕಾಲು ಪಾಲು ಅಪಧಮನಿಯಿಂದ. ಹೆಪಟೋಸೆಲ್ಯುಲರ್ ಕಾರ್ಸಿನೋಮ, ಅಂದರೆ ಲಿವರ್‌ನ ಕಣಗಳಲ್ಲೇ ಹುಟ್ಟುವ ಈ ಜಾತಿಯ ಗಡ್ಡೆ ಹೊಟ್ಟೆ ತುಂಬಿಸಿಕೊಳ್ಳುವುದು ಹೆಚ್ಚಾಗಿ ಅಪಧಮನಿಯಿಂದ. ಸಿ.ಟಿ.ಯಲ್ಲಿ ಡೈ ಕೊಟ್ಟು ಬೇರೆ ಬೇರೆ ಕ್ಷಣಗಳಲ್ಲಿ ಚಿತ್ರ ತೆಗೆದರೆ ಗಡ್ಡೆ ಮೊದಲು ಬೆಳಗುತ್ತದೆ, ಲಿವರ್ ಆಮೇಲೆ. ಲಿವರ್ ಬೆಳಗುವ ಹೊತ್ತಿಗೆ ಗಡ್ಡೆ ಮಂಕಾಗಿರುತ್ತದೆ. ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇರುವವರಲ್ಲಿ ಈ ಆಟ ಸ್ಪಷ್ಟವಾಗಿ ಕಂಡರೆ ಅಷ್ಟೇ ಸಾಕು. ಜೊತೆಗೆ ಎ.ಎಫ್.ಪಿ., ಅಂದರೆ ಈ ಕ್ಯಾನ್ಸರ್‌ನಲ್ಲಿ ರಕ್ತದಲ್ಲಿ ಹೆಚ್ಚಾಗುವ ಒಂದು ಪ್ರೋಟೀನ್ ಕೂಡ ಏರಿದೆ. ಸೂಜಿ ಚುಚ್ಚಿದರೆ ರಕ್ತ ಸೋರುವ ಅಪಾಯ, ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಅಂಟಿಕೊಳ್ಳುವ ಒಂದು ಸಣ್ಣ ಅಪಾಯ, ಎರಡೂ ಇವೆ. ಹೇಗೂ ಗಡ್ಡೆ ತೆಗೆದು ಲ್ಯಾಬ್‌ಗೆ ಕಳಿಸುವವರಿಗೆ ಅದು ಬೇಡ. ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ್ದು ಸರಿ.

ಎರಡನೆಯ ಪ್ರಶ್ನೆಗೆ ಬರೋಣ. ಸೂಜಿ ಹಾಕಿ ಸುಡುವ ಚಿಕಿತ್ಸೆ ಒಳ್ಳೆಯದೇ. ರೇಡಿಯೋ ತರಂಗದ್ದು ಒಂದು, ಮೈಕ್ರೋವೇವ್ ಇನ್ನೊಂದು. 2 ಸೆಂ.ಮೀ. ಒಳಗಿನ ಗಡ್ಡೆಗೆ ಆಪರೇಷನ್‌ಗೆ ಸಮವಾಗಿ ನಿಲ್ಲುತ್ತದೆ. 3 ಸೆಂ.ಮೀ. ದಾಟಿದ ಮೇಲೆ ಅಂಚಿನಲ್ಲಿ ಒಂದಿಷ್ಟು ಉಳಿದುಬಿಡುವ ಸಂಭವ ಜಾಸ್ತಿ. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಇನ್ನೂ ಕಷ್ಟ. ನೀರು ಹರಿಯುತ್ತಿರುವ ತಾಮ್ರದ ಪೈಪ್‌ಗೆ ಬೆಸುಗೆ ಹಾಕಲು ಹೋದವರಿಗೆ ಗೊತ್ತು, ಎಷ್ಟು ಕಾಯಿಸಿದರೂ ಬಿಸಿ ಏರುವುದಿಲ್ಲ. ರಕ್ತ ಹರಿಯುವ ನಾಳವೂ ಹಾಗೆಯೇ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಸೆಗ್ಮೆಂಟ್ 6, ಅಂದರೆ ಲಿವರ್‌ನ ಆರನೇ ಭಾಗ ಇರುವುದು ಬಲಗಡೆ ಕೆಳತುದಿಯಲ್ಲಿ. ಅದರ ಕೆಳಗೇ ದೊಡ್ಡ ಕರುಳು ತಿರುಗುತ್ತದೆ, ಹಿಂದೆ ಮೂತ್ರಪಿಂಡ. ಸುಡುವಾಗ ಅವುಗಳ ಕಾಳಜಿಯೂ ಇರಬೇಕು. 58 ವರ್ಷದ, ಗಟ್ಟಿಮುಟ್ಟಾದ, ‘ಎ’ ಲಿವರ್‌ನ ಮನುಷ್ಯನಿಗೆ 3.8 ಸೆಂ.ಮೀ. ಗಡ್ಡೆ ಇದ್ದರೆ ನಾನು ಕತ್ತರಿಸುವ ಕಡೆಗೇ ವಾಲುತ್ತೇನೆ.

ಲಿವರ್ ಕಸಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಇಟಲಿಯ ಮಿಲಾನ್‌ನ ಮಜ್ಜಾಫೆರೋ ತಂಡ 1996ರಲ್ಲಿ ಒಂದು ಅಳತೆ ಕೊಟ್ಟಿತು: ಒಂದೇ ಗಡ್ಡೆಯಾದರೆ 5 ಸೆಂ.ಮೀ. ಒಳಗೆ, ಹೆಚ್ಚೆಂದರೆ ಮೂರು ಗಡ್ಡೆ, ಪ್ರತಿಯೊಂದೂ 3 ಸೆಂ.ಮೀ. ಒಳಗೆ, ರಕ್ತನಾಳಕ್ಕೆ ಹೊಕ್ಕಿರಬಾರದು. ಹಾಗೆ ಆರಿಸಿ ಕಸಿ ಮಾಡಿದವರಲ್ಲಿ ನಾಲ್ಕು ವರ್ಷದ ಮೇಲೂ ನೂರಕ್ಕೆ 75 ಜನ ಬದುಕಿದ್ದರು. ಇವತ್ತಿಗೂ ಆ ಅಳತೆ ಚಾಲ್ತಿಯಲ್ಲಿದೆ. ನಿಮ್ಮ ಅಪ್ಪಯ್ಯ ಅದರೊಳಗೇ ಬರುತ್ತಾರೆ. ಹಾಗಂತ ಈಗಲೇ ಕಸಿ ಬೇಕಿಲ್ಲ. ಕೆಲಸ ಮಾಡುವ ಲಿವರ್ ಇದೆ. ಕಸಿಗೆ ದಾನಿ ಬೇಕು. ನಮ್ಮ ರಾಜ್ಯದಲ್ಲಿ ಮೆದುಳು ನಿಷ್ಕ್ರಿಯವಾದವರ ಅಂಗಾಂಗವನ್ನು ‘ಜೀವಸಾರ್ಥಕತೆ’ಯ ಸರದಿಯ ಪ್ರಕಾರ ಕೊಡುತ್ತಾರೆ, ಇಲ್ಲದಿದ್ದರೆ ಮನೆಯವರೇ ಅರ್ಧ ಲಿವರ್ ಕೊಡಬೇಕು. ಆ ಬಾಗಿಲು ಮುಂದಕ್ಕೆ ಇರಲಿ.

ಈಗ ತೂತಿನ ವಿಷಯ.

ಲಿವರ್‌ ಅನ್ನು ಎಂಟು ಭಾಗ ಮಾಡಿ ನಂಬರ್ ಕೊಟ್ಟವರು ಫ್ರಾನ್ಸಿನ ಕ್ಲೋಡ್ ಕುಯಿನೋ, 1950ರ ದಶಕದಲ್ಲಿ. ಒಂದೊಂದು ಭಾಗಕ್ಕೂ ಬೇರೆ ಬೇರೆ ರಕ್ತದ ಕವಲು, ಪಿತ್ತದ ಕವಲು. ತೋಟದ ಪಟ್ಟೆಗಳಿಗೆ ಬೇರೆ ಬೇರೆ ನೀರಿನ ಕಾಲುವೆ ಇದ್ದ ಹಾಗೆ. ಈ ಕ್ಯಾನ್ಸರ್ ಮೊದಲು ಹಬ್ಬುವುದು ತನ್ನ ಪಟ್ಟೆಯ ಕಾಲುವೆಯೊಳಗೆ. ಆದ್ದರಿಂದ ಬರೀ ಗಡ್ಡೆಯನ್ನು ಕೆರೆದು ತೆಗೆಯದೆ, ಆದಷ್ಟೂ ಅದರ ಪಟ್ಟೆಯನ್ನು ಕಾಲುವೆ ಸಮೇತ ತೆಗೆಯುವುದು ಮೇಲು. ನಿಮ್ಮ ಅಪ್ಪಯ್ಯನಿಗೆ ಸೆಗ್ಮೆಂಟ್ 6 ಪೂರ್ತಿ ತೆಗೆದರೂ ಹತ್ತರಲ್ಲಿ ಎಂಟು ಪಾಲಿಗಿಂತ ಜಾಸ್ತಿ ಲಿವರ್ ಉಳಿಯುತ್ತದೆ.

ತೂತಿನ ಆಪರೇಷನ್‌ಗೆ 2, 3, 5, 6 ಮತ್ತು 4ರ ಕೆಳಭಾಗ ಸುಲಭ. ಇವು ಮುಂದೆ, ಕೆಳಗೆ, ಕ್ಯಾಮೆರಾಗೆ ಎದುರಾಗಿ ಇರುತ್ತವೆ. 7 ಮತ್ತು 8 ಪಕ್ಕೆಲುಬಿನ ಕೆಳಗೆ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ಅಂಟಿಕೊಂಡು ಅಡಗಿರುತ್ತವೆ. 1 ದೊಡ್ಡ ರಕ್ತನಾಳವನ್ನೇ ತಬ್ಬಿಕೊಂಡಿದೆ. ಅಮೆರಿಕದ ಲೂಯಿವಿಲ್‌ನಲ್ಲಿ 2008ರಲ್ಲಿ ಪರಿಣಿತರು ಸೇರಿ ಕೊಟ್ಟ ಸಲಹೆಯಲ್ಲೂ ಇದೇ ಇತ್ತು: ಒಂದೇ ಗಡ್ಡೆ, 5 ಸೆಂ.ಮೀ. ಒಳಗೆ, 2ರಿಂದ 6ನೇ ಭಾಗದಲ್ಲಿ ಇದ್ದರೆ ಲ್ಯಾಪ್ರೋಸ್ಕೋಪಿಗೆ ಹೇಳಿ ಮಾಡಿಸಿದ್ದು. ಆಮೇಲೆ ಕೈ ಪಳಗಿದವರು ಆ ಗೆರೆಯನ್ನು ತುಂಬಾ ಮುಂದೆ ತಳ್ಳಿದ್ದಾರೆ. ಆದರೆ ನಿಮ್ಮ ಅಪ್ಪಯ್ಯನ ಗಡ್ಡೆ ಹಳೆಯ ಗೆರೆಯೊಳಗೇ ಇದೆ.

ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಊರೂರಿಗೆ ಬಂದ ಮೇಲೂ ಲಿವರ್‌ಗೆ ಕೈ ಹಾಕಲು ಜನ ಹೆದರುತ್ತಿದ್ದರು. ಲಿವರ್‌ನ ಮೊದಲ ಲ್ಯಾಪ್ರೋಸ್ಕೋಪಿ ವರದಿ ಬಂದದ್ದು 1991ರಲ್ಲಿ, ಅದೂ ಅಮೆರಿಕದ ಸ್ತ್ರೀರೋಗ ತಜ್ಞರ ತಂಡದಿಂದ! ಹೆದರಿಕೆಗೆ ಕಾರಣ ರಕ್ತ. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಸುಮಾರು ಕಾಲು ಭಾಗ ಲಿವರ್ ಮೂಲಕ ಹಾದುಹೋಗುತ್ತದೆ, ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್. ಅಂಥದ್ದನ್ನು ಟಿ.ವಿ. ನೋಡಿಕೊಂಡು, ಉದ್ದ ಕಡ್ಡಿಗಳಿಂದ ಕತ್ತರಿಸುವುದು ಹೇಗೆ?

ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮ ಕೆಲಸದ ರುಚಿ ಇರುವುದೇ ಇಲ್ಲಿ. ಪೂರ್ತಿ ಅರಿವಳಿಕೆ ಕೊಟ್ಟು, ಬಲಪಕ್ಕೆ ಮೇಲೆ ಬರುವ ಹಾಗೆ ಅಪ್ಪಯ್ಯನನ್ನು ಓರೆಯಾಗಿ ಮಲಗಿಸುತ್ತಾರೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಗ್ಯಾಸ್ ತುಂಬಿ ಡೇರೆಯ ಹಾಗೆ ಎತ್ತುತ್ತಾರೆ. ಐದಾರು ತೂತು, ಅರ್ಧ ಸೆಂಟಿಮೀಟರ್‌ನಿಂದ ಒಂದು ಚಿಲ್ಲರೆ ಸೆಂಟಿಮೀಟರ್‌ವರೆಗೆ. ಒಂದರಲ್ಲಿ ಕ್ಯಾಮೆರಾ. ಮೊದಲು ಲಿವರ್ ಮೇಲೇ ಅಲ್ಟ್ರಾಸೌಂಡ್ ಕಡ್ಡಿ ಇಟ್ಟು ಗಡ್ಡೆ ಎಲ್ಲಿದೆ, ನಾಳ ಎಲ್ಲಿದೆ, ಇನ್ನೊಂದು ಸಣ್ಣದು ಅಡಗಿದೆಯಾ ಅಂತ ಹುಡುಕುತ್ತಾರೆ. ಕೆಲವು ಕಡೆ ಹಸಿರು ಬಣ್ಣದ ಡೈ ಕೊಟ್ಟು ವಿಶೇಷ ಬೆಳಕಲ್ಲಿ ನೋಡುತ್ತಾರೆ. ಯಾವ ಪಟ್ಟೆ ಯಾವ ಕಾಲುವೆಯದ್ದು ಅಂತ ಬಣ್ಣವೇ ಗೆರೆ ಹಾಕಿ ತೋರಿಸುತ್ತದೆ.

ಆಮೇಲೆ ಲಿವರ್‌ಗೆ ರಕ್ತ ಒಯ್ಯುವ ನಾಳಗಳ ಕಟ್ಟಿಗೆ ಒಂದು ಪಟ್ಟಿ ಸುತ್ತುತ್ತಾರೆ. ಬೇಕೆಂದಾಗ ಬಿಗಿದರೆ ರಕ್ತ ನಿಲ್ಲುತ್ತದೆ. 15 ನಿಮಿಷ ಬಿಗಿ, 5 ನಿಮಿಷ ಸಡಿಲ. ಈ ಉಪಾಯ ಗ್ಲಾಸ್ಗೋದ ಸರ್ಜನ್ ಪ್ರಿಂಗಲ್ 1908ರಲ್ಲಿ ಬರೆದದ್ದು. ಇವತ್ತಿಗೂ ನಮ್ಮನ್ನು ಕಾಯುತ್ತಿದೆ. ಲಿವರ್ ಕಡಿಯಲು ಅಲ್ಟ್ರಾಸೌಂಡ್ ಕಂಪನದ ಒಂದು ಉಪಕರಣ ಇದೆ. ಒಣಗಿದ ಹೀರೇಕಾಯಿಯ ತಿರುಳು ಉದುರಿದರೆ ಒಳಗೆ ನಾರಿನ ಬಲೆ ಉಳಿಯುತ್ತದಲ್ಲ, ಹಾಗೆ ಅದು ಮೆತ್ತಗಿನ ಲಿವರ್ ಅನ್ನು ಪುಡಿ ಮಾಡಿ ಹೀರುತ್ತದೆ, ನಾಳಗಳನ್ನು ಬಿಟ್ಟುಬಿಡುತ್ತದೆ. ಕಂಡ ನಾಳಕ್ಕೆ ಕ್ಲಿಪ್, ದೊಡ್ಡದಕ್ಕೆ ಸ್ಟೇಪ್ಲರ್, ಸಣ್ಣದನ್ನು ಸುಟ್ಟು ಮುಚ್ಚುವುದು. ಅರಿವಳಿಕೆ ಡಾಕ್ಟರ್ ಆ ಹೊತ್ತಿಗೆ ಡ್ರಿಪ್ ಕಡಿಮೆ ಮಾಡಿ ಅಭಿಧಮನಿಗಳು ಉಬ್ಬದ ಹಾಗೆ ನೋಡಿಕೊಳ್ಳುತ್ತಾರೆ. ಸರ್ಜನ್ ಹೆಸರು ಎಲ್ಲರೂ ಕೇಳುತ್ತಾರೆ, ಅವರ ಹೆಸರು ಯಾರೂ ಕೇಳುವುದಿಲ್ಲ. ಲಿವರ್ ಆಪರೇಷನ್‌ನಲ್ಲಿ ರಕ್ತ ಉಳಿಸುವುದರಲ್ಲಿ ಅರ್ಧ ಪಾಲು ಅವರದ್ದು.

ಹೊಟ್ಟೆಯೊಳಗಿನ ಗ್ಯಾಸ್‌ನ ಒತ್ತಡವೇ ಸಣ್ಣ ಅಭಿಧಮನಿಗಳನ್ನು ಅದುಮಿ ರಕ್ತಸ್ರಾವ ಕಡಿಮೆ ಮಾಡುತ್ತದೆ. ಕ್ಯಾಮೆರಾ ಎಲ್ಲವನ್ನೂ ದೊಡ್ಡದಾಗಿ ತೋರಿಸುತ್ತದೆ. ಹೆದರಿಕೊಂಡಿದ್ದ ಸರ್ಜನ್‌ಗಳಿಗೆ ಆಶ್ಚರ್ಯ ಆದದ್ದು ಇದರಿಂದ. ತೆರೆದ ಆಪರೇಷನ್‌ಗಿಂತ ರಕ್ತ ಕಡಿಮೆಯೇ ಹೋಗುತ್ತಿತ್ತು.

‘ಸಣ್ಣ ತೂತಿನಿಂದ ಗಡ್ಡೆ ಪೂರ್ತಿ ಬರುತ್ತದಾ’ ಅಂದಿರಲ್ಲ. ಬರುವುದಿಲ್ಲ. ಬರಿಸಲೂಬಾರದು. ಕತ್ತರಿಸಿದ ಭಾಗವನ್ನು ಒಳಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾರೆ. ಕೆಳಹೊಟ್ಟೆಯಲ್ಲಿ, ಸಿಸೇರಿಯನ್ ಮಾಡುವ ಜಾಗದಲ್ಲಿ, ಗಡ್ಡೆಗೆ ತಕ್ಕಷ್ಟು ಅಡ್ಡ ಕೊಯ್ದು ಚೀಲವನ್ನು ಇಡಿಯಾಗಿ ತೆಗೆಯುತ್ತಾರೆ. ಆ ಜಾಗದಲ್ಲಿ ನೋವು ಕಡಿಮೆ, ಉಸಿರಾಟಕ್ಕೆ ತೊಂದರೆ ಇಲ್ಲ. ಗಡ್ಡೆಯ ಸುತ್ತ ಸಾಧ್ಯವಾದರೆ ಒಂದು ಸೆಂ.ಮೀ. ಒಳ್ಳೆಯ ಲಿವರ್ ಕೂಡ ಬಂದಿರಬೇಕು. ಅದನ್ನು ಲ್ಯಾಬ್‌ನವರು ಅಳೆದು ಬರೆಯುತ್ತಾರೆ. ಇನ್ನೊಂದು ಮಾತು. ಚರ್ಮದ ಮೇಲಿನ ಗಾಯ ಚಿಕ್ಕದು ಅಂದಮಾತ್ರಕ್ಕೆ ಒಳಗಿನ ಆಪರೇಷನ್ ಚಿಕ್ಕದಲ್ಲ. ಲಿವರ್‌ಗೆ ಆಗುವ ಗಾಯ ಎರಡರಲ್ಲೂ ಒಂದೇ. ‘ಬರೀ ತೂತಿನದ್ದು’ ಅಂತ ನೆಂಟರಿಗೆ ಹೇಳಿ ಮೂರನೇ ದಿನ ಮದುವೆಗೆ ಹೊರಟವರನ್ನು ನಾನು ನೋಡಿದ್ದೇನೆ.

ತೆರೆದ ಆಪರೇಷನ್‌ನಲ್ಲಿ ಬಲಪಕ್ಕೆಲುಬಿನ ಕೆಳಗೆ ಒಂದಡಿ ಹತ್ತಿರ ಸ್ನಾಯು ಕೊಯ್ಯಬೇಕು. ಕೆಮ್ಮಿದರೆ ಪ್ರಾಣ ಹೋಗುವ ನೋವು. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ. ಲಿವರ್ ಕೆಟ್ಟಿರುವವರಿಗೆ ಇನ್ನೊಂದು ತೊಂದರೆ ಇದೆ. ಒಳಗೆ ದಾರಿ ಇಕ್ಕಟ್ಟಾದ ರಕ್ತ ಹೊಟ್ಟೆಯ ಗೋಡೆಯಲ್ಲಿ ಸಣ್ಣ ಸಣ್ಣ ಅಡ್ಡದಾರಿ ಮಾಡಿಕೊಂಡಿರುತ್ತದೆ. ಉದ್ದ ಕೊಯ್ದರೆ ಅವೆಲ್ಲ ತುಂಡಾಗಿ, ಆಪರೇಷನ್ ನಂತರ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತೂತಿನ ವಿಧಾನದಲ್ಲಿ ಆ ದಾರಿಗಳು ಹೆಚ್ಚಾಗಿ ಉಳಿಯುತ್ತವೆ. ಸಿರೋಸಿಸ್ ಅಂಚಿನಲ್ಲಿರುವವರಿಗೆ ನಾನು ಲ್ಯಾಪ್ರೋಸ್ಕೋಪಿ ಇಷ್ಟಪಡುವುದಕ್ಕೆ ದೊಡ್ಡ ಕಾರಣ ಇದು. ಕಲೆ ಕಾಣಿಸದಿರುವುದು ಆಮೇಲಿನ ಮಾತು.

ಪುರಾವೆ ಏನು? ನಾರ್ವೆಯ ಓಸ್ಲೋದಲ್ಲಿ 280 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದರು. 2018ರಲ್ಲಿ ಫಲಿತಾಂಶ ಬಂತು. ತೊಡಕುಗಳು ತೆರೆದ ಗುಂಪಿನಲ್ಲಿ ನೂರಕ್ಕೆ 31, ಲ್ಯಾಪ್ರೋಸ್ಕೋಪಿಯಲ್ಲಿ 19. ಆಸ್ಪತ್ರೆ ವಾಸ 96 ಗಂಟೆಯ ಬದಲು 53 ಗಂಟೆ. ಐದು ವರ್ಷದ ಮೇಲೆ ಬದುಕಿದ್ದವರ ಲೆಕ್ಕ 55 ಮತ್ತು 54, ಅಂದರೆ ವ್ಯತ್ಯಾಸವಿಲ್ಲ. ಆದರೆ ಅವರೆಲ್ಲ ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದವರು, ನಿಮ್ಮ ಅಪ್ಪಯ್ಯನ ತರಹ ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್‌ನವರಲ್ಲ. ಈ ಜಾತಿಯ ಕ್ಯಾನ್ಸರ್‌ನಲ್ಲಿ ಅಂಥ ದೊಡ್ಡ ಪ್ರಯೋಗಗಳು ಕಡಿಮೆ. ಹೋಲಿಕೆಯ ಅಧ್ಯಯನಗಳು ಬೇಕಾದಷ್ಟಿವೆ, ಅವು ಹೇಳುವುದೂ ಇದನ್ನೇ: ಕ್ಯಾನ್ಸರ್ ಲೆಕ್ಕದಲ್ಲಿ ಎರಡೂ ಸಮ, ಚೇತರಿಕೆಯ ಲೆಕ್ಕದಲ್ಲಿ ತೂತು ಮೇಲು.

ಹಾಗಾದರೆ ‘ಓಪನ್ ಸೇಫ್’ ಅಂದ ಸರ್ಜನ್ ತಪ್ಪಾ? ಅಲ್ಲ. ಗಡ್ಡೆ ತೀರಾ ದೊಡ್ಡದಿದ್ದರೆ, ಮುಖ್ಯ ನಾಳಕ್ಕೆ ಒತ್ತಿಕೊಂಡಿದ್ದರೆ, ನಾಳವನ್ನು ಕತ್ತರಿಸಿ ಜೋಡಿಸಬೇಕಿದ್ದರೆ, ಮೊದಲು ಮೇಲ್ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಎಲ್ಲ ಅಂಟಿಕೊಂಡಿದ್ದರೆ ತೆರೆಯುವುದೇ ಜಾಣತನ. ಅಥವಾ ಆ ಸರ್ಜನ್ ತಮ್ಮ ಕೈಯ ಅಳತೆ ತಿಳಿದು ಹೇಳಿರಬಹುದು. ಆ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ. ಈ ವಿದ್ಯೆ ಕೈಗೆ ಹತ್ತಲು ಸುಮಾರು 60 ಆಪರೇಷನ್ ಬೇಕು ಅಂತ ಫ್ರಾನ್ಸಿನ ಒಂದು ತಂಡ ತನ್ನದೇ ಲೆಕ್ಕ ಬಿಚ್ಚಿಟ್ಟು ಬರೆದಿತ್ತು. ಪಿತ್ತಕೋಶ, ಅಪೆಂಡಿಕ್ಸ್ ಸಾವಿರ ಮಾಡಿದ್ದರೂ ಆ ಲೆಕ್ಕಕ್ಕೆ ಜಮೆ ಆಗುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ವರ್ಷಗಳ ಹಿಂದಿನದ್ದು. ತೂತಿನಲ್ಲೇ ಮುಗಿಸುತ್ತೇನೆ ಅನ್ನುವ ಹಟ. ಒಂದು ಅಭಿಧಮನಿ ಹರಿದು ರಕ್ತ ಬರತೊಡಗಿತು. ಒತ್ತಿ ಹಿಡಿದೆ, ಕ್ಲಿಪ್ ಹಾಕಿದೆ, ಮತ್ತೆ ಬಂತು. ಅರಿವಳಿಕೆ ಡಾಕ್ಟರ್ ಎರಡು ಸಲ ‘ತೆರೆದುಬಿಡಿ’ ಅಂದರು. ಮೂರನೇ ಸಲ ದನಿ ಏರಿದಾಗ ತೆರೆದೆ. ಹತ್ತು ನಿಮಿಷದಲ್ಲಿ ರಕ್ತ ನಿಂತಿತು. ರೋಗಿ ಗುಣವಾಗಿ ಮನೆಗೆ ಹೋದರು, ಆದರೆ ಐದು ಬಾಟಲಿ ರಕ್ತ ಬೇಕಾಯಿತು. ಮೊದಲ ಸಲವೇ ಮಾತು ಕೇಳಿದ್ದರೆ ಎರಡು ಸಾಕಿತ್ತು. ಆದ್ದರಿಂದ ಹೇಳುತ್ತೇನೆ, ಲ್ಯಾಪ್ರೋಸ್ಕೋಪಿಯಿಂದ ತೆರೆದದ್ದಕ್ಕೆ ಬದಲಾದರೆ ‘ಆಪರೇಷನ್ ಫೇಲ್’ ಅಂತ ಗಾಬರಿಯಾಗಬೇಡಿ. ಒಪ್ಪಿಗೆ ಪತ್ರದಲ್ಲೂ ಅದು ಬರೆದಿರುತ್ತದೆ.

ಹಾಗಾಗಿ ಸರ್ಜನ್ ಹತ್ತಿರ ನೇರವಾಗಿ ಕೇಳಿ: ಸಾರ್, ಲಿವರ್‌ನದ್ದೇ ಲ್ಯಾಪ್ರೋಸ್ಕೋಪಿ ನೀವು ಎಷ್ಟು ಮಾಡಿದ್ದೀರಿ? ಅದರಲ್ಲಿ ಎಷ್ಟು ತೆರೆಯಬೇಕಾಯಿತು? ತೆರೆದ ಆಪರೇಷನ್ ಕೂಡ ನೀವೇ ಮಾಡುತ್ತೀರಾ? ಒಳ್ಳೆಯ ಸರ್ಜನ್‌ಗೆ ಇದರಿಂದ ಬೇಜಾರಾಗುವುದಿಲ್ಲ. ‘ನಾನು ಯಾವತ್ತೂ ತೆರೆದೇ ಇಲ್ಲ’ ಅನ್ನುವವರ ಬಗ್ಗೆ ಸ್ವಲ್ಪ ಯೋಚಿಸಿ. ಸಂಖ್ಯೆ ಸಮಾಧಾನ ತಂದರೆ ನಿಮ್ಮ ಅಪ್ಪಯ್ಯನಿಗೆ ಲ್ಯಾಪ್ರೋಸ್ಕೋಪಿಯನ್ನೇ ನಾನು ಆರಿಸುತ್ತೇನೆ. ಸಂಖ್ಯೆ ಕಡಿಮೆ ಇದ್ದರೆ, ಅದೇ ಊರಿನ ಅನುಭವಿ ಕೈಯಲ್ಲಿ ತೆರೆದ ಆಪರೇಷನ್ ಅದಕ್ಕಿಂತ ಎಷ್ಟೋ ಮೇಲು.

ರೋಬೋಟ್ ಬಗ್ಗೆ ಎರಡೇ ಮಾತು. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯಲ್ಲಿ ಕೂತು ಕೈ ಆಡಿಸುತ್ತಾರೆ, ಯಂತ್ರದ ಮಣಿಕಟ್ಟು ಹಾಗೆ ತಿರುಗುತ್ತದೆ. 7, 8ರಂಥ ಮೂಲೆಗಳಲ್ಲಿ, ಒಳಗೆ ಹೊಲಿಗೆ ಹಾಕುವಾಗ ಅನುಕೂಲ. ಸೆಗ್ಮೆಂಟ್ 6ಕ್ಕೆ ಅದೇ ಬೇಕು ಅಂತಿಲ್ಲ. ಖರ್ಚು ಮಾತ್ರ ಖಂಡಿತ ಜಾಸ್ತಿ.

ದೊಡ್ಡಪ್ಪನ ಮಾತಿಗೆ ನಗಬೇಡಿ. ಆ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಹೊಟ್ಟೆ ತೆರೆದು ನೋಡಿ, ತೆಗೆಯಲಾಗದೆ ಮುಚ್ಚಿ ಕಳಿಸುತ್ತಿದ್ದ ರೋಗಿಗಳು ಎಷ್ಟೋ ಮಂದಿ. ಅವರು ಬೇಗ ತೀರಿಕೊಂಡರೆ ಊರವರಿಗೆ ಕಂಡದ್ದು ಕತ್ತಿ ಮಾತ್ರ. ತೂತಿನ ಆಪರೇಷನ್ ಶುರುವಾದಾಗ ನಮ್ಮವರಿಗೂ ಇದೇ ಭಯ ಇತ್ತು. 1990ರ ದಶಕದಲ್ಲಿ ಕರುಳಿನ ಕ್ಯಾನ್ಸರ್ ತೆಗೆದ ಕೆಲವರಲ್ಲಿ ತೂತಿನ ಜಾಗದಲ್ಲೇ ಗಡ್ಡೆ ಕಾಣಿಸಿಕೊಂಡಿತ್ತು. ಗಡ್ಡೆಯನ್ನು ಹಿಂಡಬಾರದು, ಚೀಲವಿಲ್ಲದೆ ಎಳೆಯಬಾರದು ಅನ್ನುವ ಶಿಸ್ತು ಬಂದದ್ದು ಅದರಿಂದ. ಆಮೇಲಿನ ದೊಡ್ಡ ಪ್ರಯೋಗಗಳಲ್ಲಿ ತೆರೆದದ್ದಕ್ಕೂ ತೂತಿನದ್ದಕ್ಕೂ ಆ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಇಷ್ಟೇ ಸಮಾಧಾನದಿಂದ ಅವರಿಗೆ ಹೇಳಿ.

ಆದರೆ ಆ ಪುಡಿ ಇವತ್ತೇ ನಿಲ್ಲಿಸಿ. ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಮನೆಯಂಗಳದ ಅಮೃತಬಳ್ಳಿ ಕಷಾಯ ಕುಡಿದವರಲ್ಲೂ ಲಿವರ್ ಊತ ಬಂದದ್ದನ್ನು ಕೋವಿಡ್ ಕಾಲದಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಈಗ ಅಪ್ಪಯ್ಯನ ಲಿವರ್ ಹೊಸ ಏಟು ತಡೆಯುವ ಸ್ಥಿತಿಯಲ್ಲಿಲ್ಲ. ಎಷ್ಟು ದಿನ ತಗೊಂಡರು ಅನ್ನುವುದನ್ನು ಅರಿವಳಿಕೆ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.

ಅದಕ್ಕಿಂತ ದೊಡ್ಡ ಕೆಲಸ ಹೆಪಟೈಟಿಸ್ ಬಿ ಮಾತ್ರೆ. ಎಂಟೆಕಾವಿರ್ ಅಥವಾ ಟೆನೊಫೋವಿರ್, ದಿನಕ್ಕೊಂದು. ವೈರಸ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಆಪರೇಷನ್‌ಗೆ ಮೊದಲೇ ಶುರು ಮಾಡಬೇಕು, ಆಮೇಲೂ ನಿಲ್ಲಿಸಬಾರದು. ಕ್ಯಾನ್ಸರ್ ಮತ್ತೆ ಬರುವುದನ್ನು ಇದು ತಗ್ಗಿಸುತ್ತದೆ. ದುಬಾರಿ ಇಂಜೆಕ್ಷನ್‌ಗಳ ಹಿಂದೆ ಓಡುವವರು ಈ ಮಾತ್ರೆಯನ್ನು ಮರೆತುಬಿಡುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನೀವು, ಅಮ್ಮ, ಅಣ್ಣತಮ್ಮಂದಿರು, ದೊಡ್ಡಪ್ಪ ಕೂಡ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಈ ವೈರಸ್ ಎಷ್ಟೋ ಸಲ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ, ಇಲ್ಲವೇ ಎಳವೆಯಲ್ಲಿ ಮನೆಯೊಳಗೇ ದಾಟಿರುತ್ತದೆ. ಅಪ್ಪಯ್ಯನಿಗೆ ಹಾಗೆ ಬಂದಿದ್ದರೆ ಅವರ ಅಣ್ಣನಿಗೂ ಇರಬಹುದು. ಇಲ್ಲ ಅಂತ ಬಂದವರು ಲಸಿಕೆ ಹಾಕಿಸಿಕೊಳ್ಳಿ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಒಟ್ಟಿಗೆ ಊಟ ಮಾಡಬಹುದು. ರೇಜರ್, ಬ್ರಷ್ ಮಾತ್ರ ಬೇರೆ ಇರಲಿ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಟ್ಟುಕೊಳ್ಳಿ. ಖಾಸಗಿ ಕಡೆ ಮಾಡಿಸುವುದಾದರೆ ಅಂದಾಜು ಪಟ್ಟಿಯನ್ನು ಬರಹದಲ್ಲಿ ಕೇಳಿ, ಸ್ಟೇಪ್ಲರ್ ಅದರಲ್ಲಿ ಸೇರಿದೆಯಾ ಅಂತ ವಿಶೇಷವಾಗಿ ಕೇಳಿ. ಬಿಲ್ ಉಬ್ಬುವುದೇ ಅಲ್ಲಿ. ಬೇರೆ ಡಾಕ್ಟರ್ ಹತ್ತಿರ ಹೋಗುವಾಗ ರಿಪೋರ್ಟ್ ಮಾತ್ರ ಸಾಲದು, ಸಿ.ಟಿ.ಯ ಸಿ.ಡಿ.ಯನ್ನೇ ತೆಗೆದುಕೊಂಡು ಹೋಗಿ. ನಾವು ಚಿತ್ರವನ್ನೇ ನೋಡಿ ನಿರ್ಧರಿಸುವುದು.

ಎಲ್ಲ ಸರಿಯಾಗಿ ನಡೆದರೆ ಒಂದು ರಾತ್ರಿ ಐಸಿಯು, ಮರುದಿನ ನಡಿಗೆ, ನಾಲ್ಕೈದು ದಿನಕ್ಕೆ ಮನೆ. ಜ್ವರ, ಕಣ್ಣು ಹಳದಿ, ಹೊಟ್ಟೆ ಉಬ್ಬರ, ಡ್ರೈನ್ ನಳಿಕೆಯಲ್ಲಿ ಹಸಿರು ಹಳದಿ ನೀರು ಕಂಡರೆ ತಡ ಮಾಡಬೇಡಿ. ಪಿತ್ತ ಸೋರಿಕೆ ಇರಬಹುದು. ಹೆಚ್ಚಿನವು ನಳಿಕೆಯಿಂದಲೇ ಸರಿಹೋಗುತ್ತವೆ. ಔಷಧಿ ಸಿಂಪಡಿಸುವ ಕ್ಯಾನ್ ಹೊರುವುದು, ಅಡಿಕೆ ಕೊನೆ ಎತ್ತುವುದು ಆರು ವಾರ ಬೇಡ. ಊಟದಲ್ಲಿ ಪಥ್ಯ ಅಂತ ಬರೀ ಗಂಜಿ ಕೊಡಬೇಡಿ. ಲಿವರ್ ಬೆಳೆಯಲು ಪ್ರೋಟೀನ್ ಬೇಕು. ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಬೂಸ್ಟು ಹಿಡಿದ ಕಡಲೆಕಾಯಿ ಮಾತ್ರ ಯಾರೂ ತಿನ್ನಬೇಡಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಹೆಪಟೈಟಿಸ್ ಬಿ ಜೊತೆ ಸೇರಿದರೆ ಲಿವರ್ ಕ್ಯಾನ್ಸರ್‌ಗೆ ಗೊಬ್ಬರ.

ಕಹಿ ಮಾತೊಂದು ಉಳಿದಿದೆ. ಗಡ್ಡೆ ತೆಗೆದರೂ ನೆಲ ಹಳೆಯದೇ. ಲಿವರ್ ಕೆಟ್ಟಿರುವವರಲ್ಲಿ ಐದು ವರ್ಷದೊಳಗೆ ನೂರಕ್ಕೆ 70ರವರೆಗೂ ಮತ್ತೆ ಕಾಣಿಸಿಕೊಳ್ಳುತ್ತದೆ. ಮೊದಲ ಎರಡು ವರ್ಷದಲ್ಲಿ ಬರುವುದು ಹೆಚ್ಚಾಗಿ ಹಳೆಯ ಗಡ್ಡೆಯ ಬೀಜ. ಆಮೇಲೆ ಬರುವುದು ಹೊಸದು. ಅದಕ್ಕೆ ಮೊದಲ ಎರಡು ವರ್ಷ 3–4 ತಿಂಗಳಿಗೊಮ್ಮೆ ಸಿ.ಟಿ. ಅಥವಾ ಎಂ.ಆರ್.ಐ. ಜೊತೆ ಎ.ಎಫ್.ಪಿ., ಆಮೇಲೆ ಆರು ತಿಂಗಳಿಗೊಮ್ಮೆ. ಮತ್ತೆ ಬಂದರೂ ಸಣ್ಣದಿದ್ದಾಗ ಸಿಕ್ಕರೆ ಸುಡಬಹುದು, ಇನ್ನೊಮ್ಮೆ ಕತ್ತರಿಸಬಹುದು, ನಾನು ಮುಂದಕ್ಕೆ ಇಟ್ಟ ಕಸಿಯ ಬಾಗಿಲು ತೆರೆಯಬಹುದು. ತೂತಿನ ಆಪರೇಷನ್ ಆಗಿದ್ದರೆ ಒಳಗೆ ಅಂಟು ಕಡಿಮೆ, ಎರಡನೇ ಸಲ ಹೋಗುವವರಿಗೆ ಕೆಲಸ ಸುಲಭ. ಹತ್ತು ವರ್ಷದ ಹಿಂದೆ ‘ತೊಂದರೆ ಇಲ್ಲ’ ಅಂತ ಸುಮ್ಮನಿದ್ದ ಹಾಗೆ ಈ ಸಲ ಆಗಬಾರದು. ಫೋನಿನಲ್ಲಿ ಈಗಲೇ ದಿನಾಂಕ ಹಾಕಿಡಿ.

ಕೊನೆಗೆ ಕಾಫಿ. ಪಾಪ, ಕಾಫಿ ಬೆಳೆಯುವವರಿಗೆ ಕಾಫಿ ಬಿಡಿಸಿದ್ದೀರಿ! ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ 2016ರಲ್ಲಿ ಒಪ್ಪಿದೆ. ಗಡ್ಡೆಗೆ ಅದು ಔಷಧಿಯಲ್ಲ, ಆದರೆ ಲಿವರ್‌ಗೆ ವೈರಿಯೂ ಅಲ್ಲ. ನಾಳೆ ಬೆಳಗ್ಗೆಯಿಂದಲೇ ಕೊಡಿ, ಸಕ್ಕರೆ ಸ್ವಲ್ಪ ಹಿಡಿತದಲ್ಲಿರಲಿ. ಆಪರೇಷನ್ ದಿನ ಮಾತ್ರ ಹಾಲು ಹಾಕಿದ್ದಾದರೆ ಆರು ಗಂಟೆ ಮೊದಲೇ ನಿಲ್ಲಿಸಬೇಕು. ಕಪ್ಪು ಕಾಫಿಯಾದರೆ ಎರಡು ಗಂಟೆ ಮೊದಲಿನವರೆಗೂ ಸಾಮಾನ್ಯವಾಗಿ ಬಿಡುತ್ತಾರೆ. ಅರಿವಳಿಕೆ ಡಾಕ್ಟರ್‌ ಹತ್ತಿರ ಅಪ್ಪಯ್ಯನೇ ಕೇಳಲಿ.